ನಾರುಸೆಯ ಸಾಲಿನ ಕೊನೆ

ಅಕುತ್ಸುವಿನ ಮೇಜಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಫುಟ್‌ಬಾಲ್ ಕ್ಲಬ್ಬಿನವರು ಅಭಿಮಾನಿಗಳಿಗೆಂದು ಏರ್ಪಡಿಸಿದ್ದ ಹಸ್ತಾಕ್ಷರದ ದಿನ ಅದು. ಪಕ್ಕದ ಮೇಜಿನ ನಾರುಸೆಯ ಸಾಲು ಮಾತ್ರ ಮೈದಾನ ದಾಟಿ, ನೂಡಲ್ಸ್ ಗಾಡಿಯನ್ನು ಸುತ್ತಿಕೊಂಡು, ಬಸ್ಸು ನಿಲ್ಲುವ ಜಾಗದವರೆಗೂ ಹೋಗಿತ್ತು. ನಾರುಸೆ ಗೋಲು ಹೊಡೆಯುವವನು. ಅಕುತ್ಸು ಗೋಲ್‌ಕೀಪರನ ಮುಂದೆ ನಿಂತು ಗೋಲು ತಡೆಯುವ ಡಿಫೆಂಡರ್. ತಡೆದ ಗೋಲನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಮುಂದಿನ ವರ್ಷಕ್ಕೆ ತಂಡದಲ್ಲಿ ಯಾರನ್ನು ಉಳಿಸಿಕೊಳ್ಳಬೇಕು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮ್ಯಾನೇಜರ್ ಸಾಕಾಮಕಿ ಸಂತೆಗೆ ಬದನೆಕಾಯಿ ಆರಿಸಲು ಬಂದವನಂತೆ ಸಾಲುಗಳ ನಡುವೆ ಅಡ್ಡಾಡುತ್ತಿದ್ದ.

ಕೊನೆಗೊಬ್ಬಳು ಮುದುಕಿ ಬಂದಳು. ಅಕುತ್ಸು ಎದ್ದೇ ನಿಂತ.

"ಯಾರ ಹೆಸರಿಗೆ ಬರೀಲಿ ಅಜ್ಜಿ?"

"ನಾರುಸೆ ಅಂತ ಸಹಿ ಹಾಕಪ್ಪ. ಆ ಕಡೆ ನಿಲ್ಲೋಕೆ ಮಂಡಿ ನೋವು."

ಹಾಕಿಕೊಟ್ಟ. ಇನ್ನೊಂದು ಬದಿಯ ಮೇಜಿನಿಂದ ಗೋಲ್‌ಕೀಪರ್ ಉಶಿಗೊಮೆ ಬಗ್ಗಿ ನೋಡಿ, "ಅವನಿಗಿಂತ ನೀನೇ ಚೆನ್ನಾಗಿ ಬರೀತೀಯ ಕಣೋ" ಎಂದ.

ಅಷ್ಟರಲ್ಲಿ ಕ್ಲಬ್ಬಿನ ಕಚೇರಿಯ ಹಮಾನಾಕಾ ಓಡಿಬಂದಳು. "ಅಕುತ್ಸು ಅವರೇ, ಹೇಗೂ ಬಿಡುವಾಗಿದ್ದೀರಲ್ಲ, ಇದನ್ನ ಸ್ವಲ್ಪ ಹಿಡ್ಕೊಳ್ತೀರಾ?"

ಅದೊಂದು ಫಲಕ. 'ನಾರುಸೆಯ ಸಾಲಿನ ಕೊನೆ ಇಲ್ಲಿ.' ಅಕುತ್ಸು ಮಾಸ್ಕ್ ಹಾಕಿಕೊಂಡು, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೋಗಿ ನಿಂತ. ಒಬ್ಬರು ಶೌಚಾಲಯ ಎಲ್ಲಿ ಎಂದು ಕೇಳಿದರು. ಇನ್ನೊಬ್ಬರು ಮಗುವನ್ನು ಕೈಗೆ ಕೊಟ್ಟು ಹೋದರು. ಅದು ಅವನ ಭುಜದ ಮೇಲೆ ಹಾಲು ಕಕ್ಕಿತು.

ಮಗುವನ್ನು ಹಿಂದಿರುಗಿಸಿದ್ದನಷ್ಟೆ, ಪರಿಚಿತ ದನಿಯೊಂದು ಕೇಳಿಸಿತು. "ಏನಪ್ಪಾ, ನಮ್ಮ ಅಕುತ್ಸು ಸಾಲು ಎಲ್ಲಿದೆ?"

ತೊಯೊಫುಕು ಮಾಮ. ಹುಟ್ಟೂರಿನ ಮೀನುಪೇಟೆಯ ಹಿರಿಯ. ಅಕುತ್ಸು ಫಲಕವನ್ನು ಮುಖಕ್ಕೆ ಅಡ್ಡ ಹಿಡಿದ. ನಾರುಸೆಗಿಂತ ನನ್ನ ಮಗನಿಗೇ ಜನ ಜಾಸ್ತಿ ಎಂದು ಅವನ ತಾಯಿ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಸಾಲೇ ಇಲ್ಲವೆಂದರೆ ನಾಳೆ ಅವಳು ಮೀನು ಕೊಳ್ಳಲು ಹೋಗುವಂತಿಲ್ಲ.

ಗುರುತು ಸಿಗದಂತೆ ದನಿ ದಪ್ಪ ಮಾಡಿಕೊಂಡು ಹೇಳಿದ, "ಅಕುತ್ಸು ಅವರದಾ? ಬೆಳಿಗ್ಗೇನೇ ತುಂಬಿಹೋಯ್ತು. ಮುಚ್ಚಿಬಿಟ್ರು."

ಮುದುಕನ ಕಣ್ಣು ಒದ್ದೆಯಾಯಿತು. "ಹಾಗಾದ್ರೆ ಅವರಮ್ಮ ಹೇಳಿದ್ದು ನಿಜ." ಬಾಗಿ ವಂದಿಸಿದ. ಆ ದಿನ ಅಕುತ್ಸುವಿಗೆ ಸಿಕ್ಕ ಮೊದಲ ಸಮಾಧಾನ ಅದು.

ತೊಯೊಫುಕು ಬಸ್ಸುಗಳ ಕಡೆ ತಿರುಗಿ ಕೂಗಿದ. "ಇಳೀರಪ್ಪಾ ಎಲ್ಲ. ಅಕುತ್ಸುದು ಮುಗಿದೋಯ್ತಂತೆ. ಇಷ್ಟು ದೂರ ಬಂದಿದ್ದೀವಿ, ನಾರುಸೆದಾದ್ರೂ ತಗೊಂಡು ಹೋಗೋಣ."

ಎರಡು ಬಸ್ಸಿನಿಂದ ಇಡೀ ಮೀನುಪೇಟೆ ಇಳಿಯಿತು. ಎಲ್ಲರ ಜೆರ್ಸಿಯ ಬೆನ್ನ ಮೇಲೂ ಅಕುತ್ಸುವಿನ ಹೆಸರು. ಅವನು ಮಾಸ್ಕ್ ತೆಗೆಯಲು ಕೈ ಎತ್ತಿದ. ತೆಗೆದರೆ ಈ ಫಲಕ ಹಿಡಿದವನು ಯಾರೆಂದು ಗೊತ್ತಾಗುತ್ತಿತ್ತು. ಕೈ ಇಳಿಸಿದ.

ಸಾಕಾಮಕಿ ಹಮಾನಾಕಾಳ ಜೊತೆ ಬಂದು ಆ ಬೆನ್ನುಗಳನ್ನು ನೋಡಿದ.

"ನೋಡಿದ್ಯಾ ಹಮಾನಾಕಾ, ಅಕುತ್ಸು ಹೆಸರು ಹಾಕ್ಕೊಂಡೋರೂ ನಾರುಸೆ ಹತ್ರಾನೇ ನಿಲ್ತಾರೆ. ಇನ್ನು ನಾನು ಯೋಚ್ನೆ ಮಾಡೋದೇನಿದೆ?"

"ಫಲಕದೋರೇ," ಎಂದ ತೊಯೊಫುಕು, "ಸ್ವಲ್ಪ ಹಿಂದಕ್ಕೆ ಸರೀರಿ. ನಮ್ಮೋರಿಗೆ ಜಾಗ ಸಾಲ್ತಿಲ್ಲ."

ಅಕುತ್ಸು ಸರಿದ.