ಏಕಾಂತಯ್ಯನ ಉಪವಾಸ

ತುಮಕೂರಿನ ಶೆಟ್ಟಿಹಳ್ಳಿಯ ಏಕಾಂತಯ್ಯನ ಗೇಟಿನ ಮುಂದೆ ಬೀದಿಯವರೆಲ್ಲ ಸೇರಿ ಕಸದ ಗುಡ್ಡೆ ಎಬ್ಬಿಸಿದ್ದರು. ಮಗಳು ಭೂಮಿಕಾಳನ್ನು ನೋಡಲು ಬಂದ ಕುಣಿಗಲ್ ಕಡೆಯವರು ಮೂಗು ಮುಚ್ಚಿಕೊಂಡು, ಕಾರಿನಿಂದ ಇಳಿಯದೆಯೇ ವಾಪಸಾಗಿದ್ದರು. ಇವತ್ತು ಸಂಜೆ ಹಿರೇಹಳ್ಳಿ ಆಚೆಯಿಂದ ಇನ್ನೊಂದು ಗಂಡಿನವರು ಬರುವವರಿದ್ದರು. ಅಷ್ಟರೊಳಗೆ ಕಸ ಹೋಗಲೇಬೇಕು. ಜಗಳವಾಡುವ ಗಂಟಲು ಏಕಾಂತಯ್ಯನಿಗಿರಲಿಲ್ಲ. ಬೆಳಿಗ್ಗೆಯೇ ಗುಡ್ಡೆಯ ಪಕ್ಕ ಚಾಪೆ ಹಾಸಿ ಉಪವಾಸ ಕೂತ.

"ಕಸ ಎತ್ತೋವರ್ಗೂ ತುತ್ತು ಮುಟ್ಟಲ್ಲ. ಯಾರ್ನೂ ಬೈಯೋದೂ ಇಲ್ಲ."

"ಪೂಜೆ ಸ್ವಲ್ಪ ತಡವಾದ್ರೆ ಅಡ್ಗೆಮನೇಲಿ ಇಣುಕೋರು ನೀವು!" ಎಂದಳು ಹೆಂಡತಿ ಉಮಾಮಹೇಶ್ವರಿ.

ಪಕ್ಕದ ಮನೆಯ ಚನ್ನೇಶ ಚೆಂಡುಹೂವಿನ ಹಾರ ತಂದು ಹಾಕಿದ. ಬೆಂಬಲಕ್ಕೆ ಜನ ಸೇರಿತು. ಉಪವಾಸ ಏಕಾಂತಯ್ಯನಿಗೆ ಮಾತ್ರ ತಾನೆ? ಅವರೆಲ್ಲ ತಟ್ಟೆ ಇಡ್ಲಿ ತರಿಸಿ ತಿಂದು, ಎಲೆಗಳನ್ನು ಗುಡ್ಡೆಯ ಮೇಲೇ ಎಸೆದರು. ಮಧ್ಯಾಹ್ನಕ್ಕೆ ಕಸ ಕಾಂಪೌಂಡಿನ ಎತ್ತರ ಮುಟ್ಟಿತು.

ಚನ್ನೇಶನ ತಾಯಿ ಮಠದಿಂದ ಹೋಳಿಗೆ ತಂದರು. "ಪ್ರಸಾದ ಕಣಪ್ಪ, ಬ್ಯಾಡ ಅನ್ಬಾರ್ದು."

ಪ್ರಸಾದ ಊಟವಲ್ಲವಲ್ಲ. ಏಕಾಂತಯ್ಯ ಕಣ್ಣಿಗೊತ್ತಿಕೊಂಡು ತಿಂದ. ಇನ್ನೊಂದನ್ನೂ ಭಕ್ತಿಯಿಂದಲೇ ತಿಂದ.

ಕೊನೆಗೆ ಪಾಲಿಕೆಯ ಲಾರಿಯೊಂದು ಬಂತು. "ಎತ್ತುತೀನಿ. ಎಲ್ಲಿ ಹಾಕ್ಲಿ ಸ್ವಾಮಿ?" ಎಂದು ಡ್ರೈವರ್ ಕೇಳಿದ.

"ಎಲ್ಲಾದ್ರೂ ಹಾಕಪ್ಪ, ನನ್ ಗೇಟ್ ಮುಂದೊಂದ್ ಬ್ಯಾಡ!"

ಜಾಗ ಖಾಲಿಯಾಯಿತು. ಉಮಾಮಹೇಶ್ವರಿ ನೀರು ಚೆಲ್ಲಿ ರಂಗೋಲಿ ಹಾಕಿದಳು. ಏಕಾಂತಯ್ಯನಿಗೆ ಹಾರ ತೆಗೆಯಲು ಮನಸ್ಸೇ ಬರಲಿಲ್ಲ.

ಗಂಡಿನವರು ಬಂದಾಗ ಕತ್ತಲಾಗುತ್ತಿತ್ತು. ಗಂಡಿನ ತಂದೆ ಮರುಳಸಿದ್ದಪ್ಪನವರ ಪಂಚೆಯೆಲ್ಲ ಧೂಳು.

"ತಡ ಆಯ್ತು, ಬೇಜಾರಾಗ್ಬ್ಯಾಡಿ. ಯಾವನೋ ತುಮಕೂರ್ನೋನು ಹಟ ಹಿಡ್ದು ಕೂತು, ತನ್ ಬೀದಿ ಕಸಾನೆಲ್ಲ ನಮ್ಮೂರಿಗೆ ಕಳ್ಸವ್ನೆ! ಊರೋರೆಲ್ಲ ಲಾರಿ ಮುಂದೆ ಕೂತ್ಬುಟ್ವಿ. ಒಂದ್ ಕಲ್ ಎಸೀಲಿಲ್ಲ, ಒಂದ್ ಮಾತ್ ಬೈಲಿಲ್ಲ. ಎಲ್ಲಿಂದ ತಂದ್ಯೋ ಅಲ್ಲಿಗೇ ತಗೊಂಡೋಗು ಅಂದ್ವಿ."

ಚನ್ನೇಶ ಹೆಮ್ಮೆಯಿಂದ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಏಕಾಂತಯ್ಯ ತನ್ನ ಹಾರವನ್ನು ಸರಕ್ಕನೆ ತೆಗೆದು ಮರುಳಸಿದ್ದಪ್ಪನವರ ಕೊರಳಿಗೆ ಹಾಕಿದ. "ನಿಮ್ಮಂಥೋರು ಬೀಗರಾಗಿ ಸಿಗೋಕೆ ಪುಣ್ಯ ಮಾಡಿರ್ಬೇಕು!"

ಅವರು ಹಿಗ್ಗಿದರು. ಸಂಬಂಧ ಕುದುರಿತು ಎಂದು ಏಕಾಂತಯ್ಯ ಉಸಿರು ಬಿಟ್ಟ.

ಆಗಲೇ ಲಾರಿ ಹಿಂದಕ್ಕೆ ಬರುತ್ತ ಗೇಟಿನ ಮುಂದೆ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏಕಾಂತಯ್ನೋರೇ, ಅಲ್ಲೂ ನಿಮ್ ಥರಾನೇ ಕೂತ್ಬುಟ್ರು! ಈಗ ಎಲ್ಲಿ ಹಾಕ್ಲಿ?"

ಮರುಳಸಿದ್ದಪ್ಪ ಲಾರಿಯನ್ನು ನೋಡಿದರು, ಏಕಾಂತಯ್ಯನನ್ನು ನೋಡಿದರು. ಒಂದು ಮಾತೂ ಬೈಯಲಿಲ್ಲ. ಕೊರಳ ಹಾರ ತೆಗೆದು ಅವನಿಗೇ ವಾಪಸು ಹಾಕಿ, ಕಾರು ಹತ್ತಿದರು.