ಹನೋಯ್‌ನ ಒಂದು ರಸ್ತೆಯ ಈಚೆ ದಡ

ರಸ್ತೆ ದಾಟುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ಹುಟ್ಟಿ ಬೆಳೆದದ್ದು ಬೆಂಗಳೂರು; ಮೆಜೆಸ್ಟಿಕ್ಕಿನ ಬಸ್ಸುಗಳ ನಡುವೆ ನುಸುಳಿಯೇ ಕಾಲೇಜು ಮುಗಿಸಿದವನು. ಆದ್ದರಿಂದ ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ನಮ್ಮ ಆಫೀಸಿನಲ್ಲಿ 'ಫೀಕಾ' ಎಂಬ ಕಾಫಿ-ಬನ್ನಿನ ಬಿಡುವಿನಲ್ಲಿ ಕಾಫಿ ಕುಡಿಯುತ್ತ ಸಹೋದ್ಯೋಗಿ ಆಂಡೆರ್ಸ್, "ಹನೋಯ್‌ನಲ್ಲಿ ರಸ್ತೆ ದಾಟುವಾಗ ಹುಷಾರು" ಎಂದಾಗ ನಾನು ನಕ್ಕೆ. ಬಾಯಲ್ಲಿದ್ದ ಬನ್ನಿನ ಪುಡಿ ಹಾರುವಷ್ಟು ನಕ್ಕೆ.

"ನಾನು ಬೆಂಗಳೂರಿನವನು" ಎಂದೆ. ಅಷ್ಟು ಸಾಕೆಂದುಕೊಂಡೆ.

ಬೆಂಗಳೂರಿನಲ್ಲಿ ರಜೆ ಮುಗಿಸಿ, ಅಲ್ಲಿದ್ದಷ್ಟೂ ದಿನ ಭಾವಮೈದುನನ ಕಾರಿನಲ್ಲೇ ಓಡಾಡಿ, ಸ್ವೀಡನ್ನಿಗೆ ಮರಳುವಾಗ ವಿಯೆಟ್ನಾಮಿನ ಹನೋಯ್‌ನಲ್ಲಿ ಒಂದು ಹಗಲು ತಂಗಬೇಕಿತ್ತು. ಸಾವಿರ ವರ್ಷದ ಊರು. ಸರೋವರದ ನಡುವೆ ಗುಡಿ, ಗುಡಿಗೆ ಕೆಂಪು ಬಣ್ಣದ ಮರದ ಸೇತುವೆ. ಸಂಜೆಯ ವಿಮಾನ ಹತ್ತುವುದರೊಳಗೆ ಅದನ್ನು ನೋಡಲೇಬೇಕೆಂದು ಹಟ ಹಿಡಿದವನು ನಾನೇ. ಹೆಂಡತಿ ವೀಣಾ ವಿಮಾನ ನಿಲ್ದಾಣದಲ್ಲೇ ಮಲಗೋಣ ಎಂದಿದ್ದಳು.

ಟ್ಯಾಕ್ಸಿ ನಮ್ಮನ್ನು ಇಳಿಸಿ ಹೋಯಿತು. ಎದುರಿಗೆ ರಸ್ತೆ. ರಸ್ತೆಯಾಚೆ ಸರೋವರ. ನಡುವೆ ಆ ಊರಿನ ಅಷ್ಟೂ ಸ್ಕೂಟರುಗಳು! ಒಂದರ ಮೇಲೆ ನಾಲ್ಕು ಜನ, ಇನ್ನೊಂದರ ಮೇಲೆ ಫ್ರಿಜ್ಜು. ಝೀಬ್ರಾ ಪಟ್ಟಿ ಇತ್ತು. ನಾನು ಅದರ ಅಂಚಿನಲ್ಲಿ ಶಿಸ್ತಾಗಿ ನಿಂತು ಕಾದೆ. ಸ್ವೀಡನ್ನಿನಲ್ಲಿ ಪಟ್ಟಿಯ ಕಡೆ ಮುಖ ಮಾಡಿದರೆ ಸಾಕು, ಕಾರು ತಾನಾಗಿ ನಿಲ್ಲುತ್ತದೆ. ಇಷ್ಟು ವರ್ಷ ನಾನು ಹಾಗೆಯೇ ಬದುಕಿದ್ದೇನೆ. ಇಲ್ಲಿ ಪಟ್ಟಿ ಎಂದರೆ ಬರೀ ಬಣ್ಣ.

ವೀಣಾ ಫೋನಿನಲ್ಲಿ ತನ್ನ ಅಮ್ಮನಿಗೆ, ಚಟ್ನಿಪುಡಿಯ ಡಬ್ಬಿ ಮಂಚದ ಮೇಲೇ ಉಳಿಯಿತೆಂದು ಹೇಳುತ್ತಿದ್ದಳು. ಹೇಳುತ್ತಲೇ ರಸ್ತೆಗಿಳಿದಳು. ಸ್ಕೂಟರುಗಳು ಅವಳ ಎರಡೂ ಬದಿಗೆ ಸರಿದು ಹರಿದವು. ಮಾತು ಮುಗಿಯುವ ಮೊದಲೇ ಅವಳು ಆಚೆ ದಡದಲ್ಲಿದ್ದಳು. ಅವಳ ಕೈಚೀಲದಲ್ಲಿ ಇಬ್ಬರ ಪಾಸ್‌ಪೋರ್ಟುಗಳೂ ಇದ್ದವು.

ನನ್ನ ಫೋನು ಬಡಿದುಕೊಂಡಿತು.

"ರೀ, ಬನ್ರೀ! ಯಾಕ್ ಅಲ್ಲೇ ನಿಂತ್ಬಿಟ್ರಿ?"

"ಟ್ರಾಫಿಕ್ ಸ್ಟಡಿ ಮಾಡ್ತಿದೀನಿ ಕಣೆ."

"ಏನ್ ಸ್ಟಡಿ? ಸುಮ್ನೆ ನಡ್ಕೊಂಡ್ ಬನ್ನಿ, ಅವ್ರೇ ತಪ್ಪಿಸ್ಕೊಂಡ್ ಹೋಗ್ತಾರೆ."

"ತಪ್ಪಿಸ್ಕೊಳ್ಳದೇ ಇದ್ರೆ?"

"ಟ್ರಾವೆಲ್ ಇನ್ಶೂರೆನ್ಸ್ ಇದ್ಯಲ್ಲ! ನಾನೇ ಬಂದು ಕೈ ಹಿಡ್ಕೊಂಡ್ ಕರ್ಕೊಂಡ್ ಬರ್ಲಾ?"

"ಬೇಡ!"

ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗ್. ಏನೆಲ್ಲ ತಪ್ಪಾಗಬಹುದೆಂದು ಯೋಚಿಸುವುದಕ್ಕೇ ನನಗೆ ಸಂಬಳ. ಯೋಚಿಸಿದೆ. ಎಲ್ಲವೂ ತಪ್ಪಾಗಬಹುದಿತ್ತು. ಆದರೂ ಬೆಂಗಳೂರನ್ನು ನೆನೆದು, ಅಂಗೈ ಎತ್ತಿ ತೋರಿಸುತ್ತ ಕೆಳಗಿಳಿದೆ. ಸ್ಕೂಟರಿನವಳೊಬ್ಬಳು ನಗುತ್ತ ನನಗೆ ತಿರುಗಿ ಕೈ ಬೀಸಿ ಹೋದಳು! ನಾನು ಹಿಮ್ಮುಖವಾಗಿ ಫುಟ್‌ಪಾತ್ ಹತ್ತಿದೆ.

ಆಗ ಹತ್ತಿರ ನಿಂತಿದ್ದ ಸೈಕಲ್ ರಿಕ್ಷಾ ಕಣ್ಣಿಗೆ ಬಿತ್ತು. ರಸ್ತೆ ದಾಟಲು ವಾಹನ ಗೊತ್ತುಮಾಡಿದ ಮೊದಲ ಬೆಂಗಳೂರಿಗ ನಾನೇ ಇರಬೇಕು. ಎದುರು ದಡಕ್ಕೆ ಬೆರಳು ತೋರಿಸಿದೆ. ರಿಕ್ಷಾದವನು ಸಂತೋಷದಿಂದ ತಲೆಯಾಡಿಸಿದ. ಆ ಊರಿನ ರಿಕ್ಷಾಗಳಲ್ಲಿ ಪ್ರಯಾಣಿಕ ಮುಂದೆ, ತುಳಿಯುವವನು ಹಿಂದೆ ಎಂಬುದು ನನಗೆ ಹತ್ತಿ ಕುಳಿತ ಮೇಲೆ ತಿಳಿಯಿತು. ಅಂದರೆ ಗಾಡಿಗೆ ಬಂಪರ್ ನಾನೇ!

ಅವನು ರಸ್ತೆ ದಾಟಿಸಲಿಲ್ಲ. ಪ್ರವಾಸಿಯಲ್ಲವೇ ಎಂದು ಹಳೇ ಪೇಟೆಯನ್ನೆಲ್ಲ ಸುತ್ತಿಸಿದ. ಅಲ್ಲಿ ಒಂದೊಂದು ಕಸುಬಿಗೂ ಒಂದೊಂದು ಬೀದಿಯಂತೆ. ನಾನು ಕಣ್ಣು ಮುಚ್ಚಿಕೊಂಡಿದ್ದರಿಂದ ಖಚಿತವಾಗಿ ಹೇಳಲಾರೆ. ಎಲ್ಲೋ ತಗಡು ಬಡಿಯುವ ಸದ್ದು ಮಾತ್ರ ಕೇಳಿತು. ಗಾಡಿ ನಿಂತಾಗ ಕಣ್ಣು ಬಿಟ್ಟೆ. ಅದೇ ಪಟ್ಟಿ. ಅದೇ ದಡ!

"ನನ್ ಬಿಟ್ಟು ರೌಂಡ್ ಹೊಡ್ಕೊಂಡ್ ಬಂದ್ರಾ?" ವೀಣಾಳ ಫೋನು. "ಇರ್ಲಿ, ನಾನೂ ಗುಡಿ ನೋಡ್ಕೊಂಡ್ ಬಂದೆ. ಒಳಗೆ ಗಾಜಿನ ಪೆಟ್ಟಿಗೆಲಿ ಇಷ್ಟು ದೊಡ್ಡ ಆಮೆ ಇಟ್ಟಿದಾರೆ. ಈಗ ಫ್ಲೈಟ್‌ಗೆ ಟೈಮ್ ಆಯ್ತು. ಬರ್ತೀರೋ, ಅಲ್ಲೇ ಮನೆ ಮಾಡ್ತೀರೋ?"

ಗುಡಿಯ ಆಸೆ ಹೋಯಿತು, ವಿಮಾನವೂ ಹೋಗುವುದರಲ್ಲಿತ್ತು. ಗಾಬರಿಯಲ್ಲಿ ನಾನು ಸ್ಕೂಟರುಗಳಿಗೆ, "ಕ್ಷಮಿಸಿ, ಸ್ವಲ್ಪ ದಾರಿ ಬಿಡ್ತೀರಾ?" ಎಂದು ವಿನಯದಿಂದ ಕೇಳಿದೆ. ಕೇಳಿದ್ದು ಸ್ವೀಡಿಷ್ ಭಾಷೆಯಲ್ಲಿ!

ಪಕ್ಕದಲ್ಲಿದ್ದ ಬಿಳಿಗೂದಲ ಅಜ್ಜಿಯೊಬ್ಬರು ತಿರುಗಿದರು. ಸ್ವೀಡನ್ನಿನ ಯೋನ್‌ಶೋಪಿಂಗ್‌ನಿಂದ ಪ್ರವಾಸ ಬಂದವರು. "ಓ, ನಮ್ಮ ಕಡೆಯವನಾ? ಬಾ" ಎಂದು ಸ್ವೀಡಿಷ್‌ನಲ್ಲೇ ಹೇಳಿ, ನನ್ನ ಮಣಿಕಟ್ಟು ಹಿಡಿದು, ಊರುಗೋಲನ್ನು ಮುಂದೆ ಚಾಚಿ, ಒಂದೇ ಸಮನೆ ನಡೆದುಬಿಟ್ಟರು. ನಡುರಸ್ತೆಯಲ್ಲಿ, "ಯಾವ ಊರಪ್ಪಾ ನಿನ್ನದು?" ಎಂದರು.

ಬೆಂಗಳೂರಿನ ಮಾನ ಉಳಿಯಲಿ ಎಂದು "ಕಾರ್ಲ್‌ಸ್ಕ್ರೂನಾ" ಎಂದೆ.

"ಅದಕ್ಕೇ! ಅಷ್ಟು ಸಣ್ಣ ಊರಿನಿಂದ ಬಂದವರಿಗೆ ಟ್ರಾಫಿಕ್ ಕಂಡರೆ ಹೆದರಿಕೆ ಸಹಜ."

ಆಚೆ ದಡದಲ್ಲಿ ವೀಣಾ ಅಜ್ಜಿಗೆ ಥ್ಯಾಂಕ್ಸ್ ಹೇಳಿ ನನ್ನನ್ನು ವಶಕ್ಕೆ ಪಡೆದಳು. "ಬನ್ನಿ ಬೇಗ, ಏರ್‌ಪೋರ್ಟ್‌ಗೆ ಟ್ಯಾಕ್ಸಿ ಬುಕ್ ಮಾಡಿದೀನಿ. ಬಂದು ನಿಂತಿದೆ."

"ಎಲ್ಲಿ?"

ಅವಳು ನಾನು ಬಂದ ದಡವನ್ನು ತೋರಿಸಿದಳು!

ಮರಳಿ ಹೇಗೆ ದಾಟಿದೆನೆಂಬುದಕ್ಕೆ ನಾನು ಸಾಕ್ಷಿಯಲ್ಲ. ಅವಳ ದುಪಟ್ಟಾದ ಅಂಚು ನನ್ನ ಮುಷ್ಟಿಯಲ್ಲಿತ್ತು ಎಂಬುದಷ್ಟೇ ನೆನಪಿದೆ. ವಿಮಾನ ಸಿಕ್ಕಿತು.

ಮರುದಿನ ಕಾರ್ಲ್‌ಸ್ಕ್ರೂನಾದಲ್ಲಿ ಹಾಲು ತರಲು ಹೊರಟೆವು. ಮನೆಯ ಹತ್ತಿರದ ಪಟ್ಟಿಗೆ ಬಂದಾಗ, ಎಷ್ಟೋ ದೂರದಲ್ಲೇ ಒಂದು ಕಾರು ನನಗಾಗಿ ನಿಂತಿತ್ತು. ಅದರ ಕಡೆಗೆ ತಿರುಗಿ ಕೈಮುಗಿದೆ.

"ರೀ, ಯಾರಿಗ್ರೀ ನಮಸ್ಕಾರ?"

"ನಿಲ್ಲಿಸಿದ ಪುಣ್ಯಾತ್ಮನಿಗೆ."

"ಅದು ಪಾರ್ಕ್ ಮಾಡಿರೋ ಕಾರು ಕಣ್ರೀ. ಒಳಗೆ ಯಾರೂ ಇಲ್ಲ."

ನೋಡಿದೆ. ಯಾರೂ ಇರಲಿಲ್ಲ. ಆದರೂ ಇನ್ನೊಮ್ಮೆ ಕೈಮುಗಿದೆ. ನಿಂತಿತ್ತಲ್ಲ, ಅಷ್ಟೇ ಸಾಕು!