ನಮ್ಮ ಮೂಳೆ ವಿಭಾಗ ಮತ್ತು ಪಂಡಿತರ ಕಟ್ಟು

ಜನ ಜಾರಿ ಬೀಳೋದು ನಿಲ್ಲಿಸೋ ತನಕ ನಮ್ಮಲ್ಲಿ ಇಂಥವು ನಡೀತಾನೇ ಇರ್ತವೆ. ಮೆಡಿಕಲ್ ಕಾಲೇಜಿನ ಸ್ಮರಣ ಸಂಚಿಕೆಗೆ ಮೂಳೆ ವಿಭಾಗದ ಇತಿಹಾಸ ಬರೀರಿ ಅಂತ ಹೆಡ್ ಸಾಹೇಬರು ನನಗೇ ಹೇಳಿದರು. ನಾನು ಶಿಕಾರಿಪುರದವನು, ಮೊದಲ ದಿನದಿಂದ ಪ್ಲಾಸ್ಟರ್ ರೂಮಿನಲ್ಲಿ ಕಟ್ಟು ಹಾಕುವವನು. ಉಳಿದವರೆಲ್ಲ ವರ್ಗವಾಗಿ ಹೋದರು. ಸಾಹೇಬರು, ನಾನು, ಅಸ್ಥಿಪಂಜರ, ಮೂವರೇ ಹಳಬರು.

ಮೊದಲ ಪೇಶೆಂಟು

ಆಗ ಇದ್ದದ್ದು ಒಂದು ರೂಮು, ಒಂದು ಮೇಜು, ಮೂಲೆಯಲ್ಲಿ ವಿದ್ಯಾರ್ಥಿಗಳಿಗೆ ತೋರಿಸೋ ಆ ಅಸ್ಥಿಪಂಜರ. ಬಳ್ಳಿಗಾವಿಯಿಂದ ಕೈ ಮುರಿದುಕೊಂಡ ಯಜಮಾನರೊಬ್ಬರು ಬಂದು ಕೂತರು. ಮೂಲೆ ನೋಡಿದರು.

“ಇವ್ರಿಗೂ ಇಲ್ಲೇ ಟ್ರೀಟ್‌ಮೆಂಟ್ ಆಗಿದ್ದೇನ್ರೀ?”

ಸಾಹೇಬರು ವಿವರಿಸೋದರೊಳಗೆ ಅವರು ಸೊರಬದ ಬಸ್ಸು ಹತ್ತಿದ್ದರು. ಸೊರಬದ ಕಡೆ ಒಬ್ಬ ನಾಟಿ ಪಂಡಿತರಿದ್ದಾರೆ. ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟು ಹಾಕುತ್ತಾರೆ.

“ಪೇಶೆಂಟೇ ಇಲ್ಲದ ವಿಭಾಗ ಯಾಕೆ ಅಂತ ಮೇಲಿನವರು ಕೇಳ್ತಿದಾರೆ. ಮುಚ್ಚಿಸಿಬಿಡ್ತಾರ್ರೀ,” ಅಂದರು ಸಾಹೇಬರು. ಇನ್ನು ಯಾರೂ ಹೆದರಿ ಓಡದಿರಲಿ ಅಂತ ನಾನು ಅಸ್ಥಿಪಂಜರಕ್ಕೆ ಬೆಡ್‌ಶೀಟ್ ಹೊದಿಸಿದೆ. ಮಾರನೇ ದಿನ ಬಂದವರು “ಪಾಪ, ಯಾವಾಗ ಹೋದ್ರು?” ಅಂತ ಕೇಳಿದರು.

ನೀರು ತಾಗಬಾರದು

ಜಡೆಯ ರೈತರೊಬ್ಬರ ಕಾಲಿಗೆ ಚೆಂದದ ಪ್ಲಾಸ್ಟರ್ ಹಾಕಿದೆ. “ಇದಕ್ಕೆ ಒಂದು ಹನಿ ನೀರು ತಾಗಬಾರದು,” ಅಂತ ಸಾಹೇಬರು ಮೂರು ಸಲ ಹೇಳಿ ಕಳಿಸಿದರು. ಹತ್ತು ದಿನಕ್ಕೆ ಬಂದರು. ಕಾಲಲ್ಲಿ ಪಂಡಿತರ ದಬ್ಬೆ.

“ನಮ್ಮ ಪ್ಲಾಸ್ಟರ್ ಎಲ್ರೀ?”

“ಬೀರುವಿನಾಗೆ ಭದ್ರವಾಗಿಟ್ಟೀನಿ ಸಾರ್. ನಾಟಿ ಇತ್ತು, ಗದ್ದೆಗೆ ಇಳೀಬೇಕಿತ್ತು. ನೀವು ಹೇಳಿದ ಮಾತು ಮೀರಿಲ್ಲ. ಒಂದು ಹನಿ ತಾಗಿಸಿಲ್ಲ.”

ಪಂಡಿತರ ಕೈ

ಒಂದು ದಿನ ಹಿಂಬಾಗಿಲಿನಿಂದ ಶಾಲು ಹೊದ್ದ ಹಿರಿಯರೊಬ್ಬರು ಬಂದರು. ಸಾಕ್ಷಾತ್ ಪಂಡಿತರು! ಬಚ್ಚಲಲ್ಲಿ ಜಾರಿ ಎಡಗೈ ಮುರಿದಿತ್ತು. ಒಂದೇ ಕೈಯಲ್ಲಿ ತಮಗೆ ತಾವೇ ಕಟ್ಟಿಕೊಳ್ಳೋಕೆ ಬರಲಿಲ್ಲವಂತೆ.

ಸಾಹೇಬರ ಮುಖದಲ್ಲಿ ಹಬ್ಬ. “ನಿಮ್ಮ ಕೈ ನಾನು ಸರಿ ಮಾಡ್ತೀನಿ. ಆಮೇಲೆ ಪೇಶೆಂಟ್‌ಗಳನ್ನ ನಮ್ಮ ಕಡೆ ಕಳಿಸಬೇಕು.”

“ಕಳಿಸ್ತೀನಿ. ಆದ್ರೆ ಬಿಳೀ ಕಟ್ಟು ಹೊರಗೆ ಕಾಣಬಾರದು. ನನ್ನ ಮಾನದ ಪ್ರಶ್ನೆ.” ಶಾಲಿನೊಳಗಿಂದ ದಬ್ಬೆ, ಸೊಪ್ಪು ತೆಗೆದು ಮೇಜಿನ ಮೇಲಿಟ್ಟರು.

ಪ್ಲಾಸ್ಟರ್ ಹಾಕಿ, ಅದರ ಮೇಲೆ ಸೊಪ್ಪು ಹಚ್ಚಿ, ದಬ್ಬೆ ಇಟ್ಟು ನಾನೇ ಕಟ್ಟಿದೆ. “ಬಿಗಿ ಸಾಲ್ದು,” ಅಂತ ಅವರು ತಪ್ಪು ಬೇರೆ ತಿದ್ದಿದರು. ಆರು ವಾರಕ್ಕೆ ಕೈ ನೆಟ್ಟಗಾಯಿತು.

ಪಂಡಿತರು ಮಾತಿಗೆ ತಪ್ಪಲಿಲ್ಲ. ಸೊರಬದ ಬಸ್ಸಿನಿಂದ ಕೈಕಾಲು ಮುರಿದವರು ಸಾಲಾಗಿ ಇಳಿದರು. ವಿಭಾಗ ಉಳಿಯಿತು ಅಂತ ಸಾಹೇಬರು ಎಲ್ಲರಿಗೂ ಕಾಫಿ ತರಿಸಿದರು. ಮೊದಲು ಒಳಗೆ ಬಂದ ಅಜ್ಜಿಗೆ ಪ್ಲಾಸ್ಟರ್ ಹಾಕಿ “ಆಯ್ತಜ್ಜಿ, ಏಳಿ” ಅಂದೆ. ಅಜ್ಜಿ ಏಳಲಿಲ್ಲ.

“ಇಷ್ಟು ದೊಡ್ಡ ಆಸ್ಪತ್ರೆ, ಅರ್ಧ ಕಟ್ಟು ಹಾಕಿ ಕಳಿಸ್ತೀರೇನಪ್ಪಾ? ತಮ್ಮ ಕೈಗಿದ್ದ ಹಾಗೇ ಹಾಕಿಸ್ಕೊಂಡು ಬಾ ಅಂತ ಪಂಡಿತರು ಅಂದಿದಾರೆ. ದಬ್ಬೆ ಎಲ್ಲಿ?”

ಹೊರಗೆ ಕಾಯುತ್ತಿದ್ದವರೂ ಬಾಗಿಲಿಗೆ ಬಂದು ನಿಂತರು. ಸಾಹೇಬರು ಅವರನ್ನು ನೋಡಿದರು, ಬಸ್ ಸ್ಟ್ಯಾಂಡಿನ ದಿಕ್ಕು ನೋಡಿದರು, ಕಾಫಿ ಕೆಳಗಿಟ್ಟರು.

“ಹೋಗ್ರೀ, ಬಿದಿರು ತಗೊಂಡು ಬನ್ನಿ. ಮುಂದೆ ಯಾರಾದ್ರೂ ವಿಭಾಗದ ಇತಿಹಾಸ ಬರೀರಿ ಅಂದ್ರೆ ಇದನ್ನ ಬರೆದೀರಿ ಗಿರೆದೀರಿ, ಜೋಕೆ!”